ಉಚಿತ ವಕೀಲರು ಸಿಕ್ಕರು, ಜಾಮೀನೂ ಆಯಿತು, ಶ್ಯೂರಿಟಿ ಮಾತ್ರ ಸಿಗುತ್ತಿಲ್ಲ. ಮನೆಯಿಲ್ಲದವರು ಏನು ಮಾಡಬೇಕು?

ರಾತ್ರಿಪಾಳಿ

ನಾನು ಒಂದು ರಾತ್ರಿ ತಂಗುದಾಣದಲ್ಲಿ ಕೆಲಸ ಮಾಡುತ್ತೇನೆ. ಕಟ್ಟಡ ನಗರಸಭೆಯದು, ನಡೆಸುವುದು ಒಂದು ಸಂಸ್ಥೆ. ನಮ್ಮಲ್ಲಿ ಮಳೆಗಾಲದಲ್ಲಿ ಬಂದು ಮಲಗುವ ಒಬ್ಬ ಹಮಾಲಿಯನ್ನು ಮೊಬೈಲ್ ಕಳವಿನ ಕೇಸಿನಲ್ಲಿ ಹಿಡಿದರು. ಕದ್ದಿದ್ದಾರೋ ಇಲ್ಲವೋ ನನಗೆ ಗೊತ್ತಿಲ್ಲ, ಅದನ್ನು ಕೋರ್ಟು ನೋಡಿಕೊಳ್ಳಲಿ. ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದಿಂದ ವಕೀಲರನ್ನು ಕೊಟ್ಟರು. ಅವರು ಒಂದು ಪೈಸೆ ಕೇಳಲಿಲ್ಲ, ಜಾಮೀನೂ ಕೊಡಿಸಿದರು.

ಆದರೂ ಮನುಷ್ಯ ಇನ್ನೂ ಜೈಲಿನಲ್ಲೇ ಇದ್ದಾರೆ. ಆದೇಶದಲ್ಲಿ ಮುಚ್ಚಳಿಕೆಯ (ತಪ್ಪದೆ ಬರುತ್ತೇನೆ ಅಂತ ಬರೆದುಕೊಡುವ ಪತ್ರ) ಜೊತೆಗೆ "ಒಬ್ಬ ಸ್ಥಳೀಯ ಶ್ಯೂರಿಟಿ" ಅಂತ ಬರೆದಿದೆ. ಪಹಣಿಯೋ ಮನೆ ಕಂದಾಯದ ರಸೀದಿಯೋ ಇರುವವರು ಬಂದು, ಇವರು ಕೋರ್ಟಿಗೆ ತಪ್ಪದೆ ಬರುತ್ತಾರೆ ಅಂತ ಹೊಣೆ ಹೊತ್ತು ಸಹಿ ಹಾಕಬೇಕು. ಬಸ್ ಸ್ಟ್ಯಾಂಡಿನಲ್ಲಿ ಮಲಗುವವರಿಗೆ ಜಮೀನಿರುವ ಗೆಳೆಯರು ಎಲ್ಲಿಂದ ಬರಬೇಕು? ನನಗೂ ಜಮೀನಿಲ್ಲ. ವಕೀಲರನ್ನು ಕೇಳಿದರೆ "ಶ್ಯೂರಿಟಿ ಕರೆತನ್ನಿ, ಉಳಿದದ್ದು ನಾನು ಮಾಡ್ತೀನಿ" ಅನ್ನುತ್ತಾರೆ. ಇದಕ್ಕೆ ದಾರಿ ಇದೆಯಾ?

ಸಂದೇಹಿ

ಬೇಜಾರು ಮಾಡ್ಕೋಬೇಡಿ. ಶ್ಯೂರಿಟಿ ಕೇಳುವುದೇ ಆಸಾಮಿ ಓಡಿಹೋಗಬಾರದು ಅಂತ. ವಿಳಾಸವೇ ಇಲ್ಲದವರನ್ನು ಸುಮ್ನೆ ಬಿಟ್ಟರೆ ಮುಂದಿನ ವಾಯಿದೆಗೆ ಎಲ್ಲಿ ಹುಡುಕುವುದು? ನ್ಯಾಯಾಧೀಶರ ಚಿಂತೆಯೂ ತಪ್ಪಲ್ಲ ಅಲ್ವಾ?

ಕಪ್ಪುಕೋಟು

ದಾರಿ ಇದೆ. ನಿಮ್ಮ ವಕೀಲರಿಗೆ ಒಂದು ಅರ್ಜಿ ಹಾಕಲು ಹೇಳಿ.

ಮೊದಲು ಎಫ್‌ಐಆರ್‌ನಲ್ಲಿ ಮೊಬೈಲಿನ ಬೆಲೆ ಎಷ್ಟು ಅಂತ ಬರೆದಿದ್ದಾರೆ ನೋಡಿ. ಹೊಸ ಭಾರತೀಯ ನ್ಯಾಯ ಸಂಹಿತೆಯಲ್ಲಿ 5,000 ರೂಪಾಯಿಗಿಂತ ಕಡಿಮೆ ಬೆಲೆಯ ಕಳವು, ಅದೂ ಮೊದಲ ಸಲದ್ದು, ವಸ್ತು ವಾಪಸ್ ಬಂದಿದೆ ಅಂತಾದರೆ ಶಿಕ್ಷೆ ಸಮುದಾಯ ಸೇವೆ ಮಾತ್ರ. ಅದು ಜಾಮೀನು ಕೊಡಲೇಬೇಕಾದ ಅಪರಾಧ. ಹಾಗಿದ್ದರೆ ನಾಗರಿಕ ಸುರಕ್ಷಾ ಸಂಹಿತೆಯ 478ನೇ ಕಲಂ ನಿಮ್ಮ ಕೈಗೆ ಬರುತ್ತದೆ. ಬಂಧನವಾಗಿ ಒಂದು ವಾರದೊಳಗೆ ಜಾಮೀನು ಒದಗಿಸಲು ಆಗದಿದ್ದರೆ ಆ ವ್ಯಕ್ತಿ ನಿರ್ಗತಿಕ ಎಂದೇ ಕೋರ್ಟು ಭಾವಿಸಬೇಕು, ಶ್ಯೂರಿಟಿ ಇಲ್ಲದೆ ಬರೀ ಸ್ವಂತ ಮುಚ್ಚಳಿಕೆ ಮೇಲೆ ಬಿಡಬೇಕು. ಇದು ಹೊಸದೇನಲ್ಲ. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 436ಕ್ಕೆ 2005ರ ತಿದ್ದುಪಡಿಯಲ್ಲೇ ಸೇರಿತ್ತು.

ಬೆಲೆ ಜಾಸ್ತಿ ಇದ್ದರೆ ಅದು ಜಾಮೀನು ರಹಿತ ಅಪರಾಧ, ಆ ಕಲಂ ನೇರವಾಗಿ ಅನ್ವಯಿಸುವುದಿಲ್ಲ. ಆಗ ಹಿಡಿಯಬೇಕಾದದ್ದು ಸುಪ್ರೀಂ ಕೋರ್ಟಿನ 31 ಜನವರಿ 2023ರ ನಿರ್ದೇಶನ. ಜಾಮೀನು ಸಿಕ್ಕಿ ಏಳು ದಿನವಾದರೂ ಕೈದಿ ಹೊರಗೆ ಬರದಿದ್ದರೆ ಜೈಲು ಅಧೀಕ್ಷಕರು ಜಿಲ್ಲಾ ಪ್ರಾಧಿಕಾರದ ಕಾರ್ಯದರ್ಶಿಗೆ ತಿಳಿಸಬೇಕು. ಕಾರ್ಯದರ್ಶಿ ಒಬ್ಬ ವಕೀಲರನ್ನೋ ಅರೆಕಾನೂನು ಸ್ವಯಂಸೇವಕರನ್ನೋ (ವಕೀಲರಲ್ಲದ, ಪ್ರಾಧಿಕಾರದ ಸಹಾಯಕರು) ಜೈಲಿಗೆ ಕಳಿಸಬಹುದು. ಒಂದು ತಿಂಗಳಾದರೂ ಜಾಮೀನು ಒದಗಿಸಲಾಗದಿದ್ದರೆ, ಯಾರೂ ಕೇಳದಿದ್ದರೂ ಕೋರ್ಟೇ ಷರತ್ತು ಸಡಿಲಿಸುವ ಬಗ್ಗೆ ಯೋಚಿಸಬಹುದು. "ಸ್ಥಳೀಯ ಶ್ಯೂರಿಟಿ" ಎಂಬ ಹಟವೇ ಬಿಡುಗಡೆ ತಡವಾಗಲು ಒಂದು ಕಾರಣ, ಅಂಥ ಕಡೆ ಆ ಷರತ್ತು ಹಾಕದಿರಬಹುದು ಅಂತ ಅದರಲ್ಲೇ ಇದೆ. ನಿಮ್ಮ ಹಮಾಲಿಯ ವಿಷಯ ಅಲ್ಲಿ ಬರೆದಿಟ್ಟ ಹಾಗಿದೆ.

ಹಣವೇ ಅಡ್ಡಿಯಾಗಿದ್ದರೆ 2023ರಲ್ಲಿ ಕೇಂದ್ರ ಗೃಹ ಸಚಿವಾಲಯ ತಂದ ಬಡ ಕೈದಿಗಳ ನೆರವಿನ ಯೋಜನೆ ಇದೆ. ವಿಚಾರಣಾಧೀನ ಕೈದಿಗೆ ನಿಗದಿತ ಮಿತಿಯವರೆಗೆ ಜಾಮೀನು ಹಣ ಸರ್ಕಾರದಿಂದ ಬರುತ್ತದೆ. ಅರ್ಜಿ ಜಿಲ್ಲಾ ಸಮಿತಿ ಮುಂದೆ ಹೋಗಬೇಕು.

ಹಳೇಕಡತ

ನಾನು ಕೋರ್ಟಿನಲ್ಲಿ ಬೆಂಚ್ ಕ್ಲರ್ಕ್ ಆಗಿದ್ದು ನಿವೃತ್ತನಾದವನು. ವಕೀಲರು ಹೇಳಿದ್ದೆಲ್ಲ ಸರಿ. ನಾನು ಹೇಳುವುದು ಬೇರೆ. ಕೋರ್ಟಿನ ಆವರಣದಲ್ಲಿ ದುಡ್ಡು ತಗೊಂಡು ಶ್ಯೂರಿಟಿ ನಿಲ್ಲುವ ಮಂದಿ ಇರುತ್ತಾರೆ. ಒಂದೇ ಪಹಣಿ ಹತ್ತು ಕಡೆ ಓಡಾಡುತ್ತಿರುತ್ತದೆ. ಪಾಪ ಅಂತ ನೀವು ಕೈಯಿಂದ ದುಡ್ಡು ಕೊಟ್ಟು ಅಂಥವರನ್ನು ನಿಲ್ಲಿಸಿದರೆ, ನಾಳೆ ಸುಳ್ಳು ದಾಖಲೆ ಕೇಸಿನಲ್ಲಿ ನಿಮ್ಮ ಹೆಸರೂ ಬರುತ್ತದೆ. ಆ ಕಡೆ ಹೋಗಲೇಬೇಡಿ.

ಸಂದೇಹಿಯವರಿಗೆ ಒಂದು ಮಾತು. ನೀವು ಕೇಳಿದ ಪ್ರಶ್ನೆಗೆ 1978ರಲ್ಲೇ ಉತ್ತರ ಬಂದಿದೆ. ಮೋತಿರಾಂ ಎಂಬ ಗಾರೆ ಕೆಲಸದವನಿಗೆ ಸುಪ್ರೀಂ ಕೋರ್ಟು ಜಾಮೀನು ಕೊಟ್ಟಿತ್ತು. ಕೆಳಗಿನ ಮ್ಯಾಜಿಸ್ಟ್ರೇಟರು 10,000 ರೂಪಾಯಿಯ ಶ್ಯೂರಿಟಿ ಕೇಳಿದರು. ಅವನ ಸಹೋದರನ ಆಸ್ತಿ ಬೇರೆ ಜಿಲ್ಲೆಯದು ಅಂತ ಒಪ್ಪಲಿಲ್ಲ. ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಇದನ್ನು ಕಟುವಾಗಿ ಟೀಕಿಸಿ, 1,000 ರೂಪಾಯಿಯ ಸ್ವಂತ ಮುಚ್ಚಳಿಕೆ ಮೇಲೆ ಬಿಡಿ ಅಂದರು. ಅಷ್ಟು ಹಳೆಯ ತೀರ್ಪು ಇದ್ದರೂ ಆದೇಶದ ಕೆಳಗೆ "ಸ್ಥಳೀಯ ಶ್ಯೂರಿಟಿ" ಅನ್ನುವ ಸಾಲು ಅಭ್ಯಾಸಬಲದಿಂದ ಬೀಳುತ್ತಲೇ ಇರುತ್ತದೆ. ನಾನೇ ಎಷ್ಟೋ ಸಲ ಟೈಪ್ ಮಾಡಿಸಿದ್ದೇನೆ. ಯಾರಾದರೂ ಎದ್ದು ನಿಂತು "ಸ್ವಾಮಿ, ಇವರಿಗೆ ಆಗೋದಿಲ್ಲ" ಅಂದರೆ ಬಹಳಷ್ಟು ನ್ಯಾಯಾಧೀಶರು ತೆಗೆಯುತ್ತಾರೆ. ಹಾಗೆ ಹೇಳುವವರೇ ಕಡಿಮೆ.

ರಾತ್ರಿಪಾಳಿ

ಎಫ್‌ಐಆರ್‌ನಲ್ಲಿ 12,000 ಅಂತ ಇದೆ. ಹಾಗಾದರೆ ಎರಡನೇ ದಾರಿಯೇ. ನಾಳೆ ವಕೀಲರನ್ನು ನೋಡುತ್ತೇನೆ.

ಇದೇ ನೆಪದಲ್ಲಿ ಇನ್ನೊಂದು ಕೇಳಿಬಿಡುತ್ತೇನೆ. ನಮ್ಮಲ್ಲಿರುವ ಬಹುಪಾಲು ಜನರಿಗೆ ಆಧಾರ್ ಇಲ್ಲ, ಅಥವಾ ಕಳೆದಿದೆ. ಆದಾಯ ಪ್ರಮಾಣಪತ್ರ ಅಂತೂ ಯಾರ ಹತ್ತಿರವೂ ಇಲ್ಲ. ಮಗ ಹೊರಗೆ ಹಾಕಿದ ಒಬ್ಬ ಅಜ್ಜಿ ಇದ್ದಾರೆ, ಮನೆ ಅವನ ಹೆಸರಿಗೆ ಬರೆದುಕೊಟ್ಟಿದ್ದಾರೆ. ರಾತ್ರಿಯೆಲ್ಲ ಒಬ್ಬರೇ ಮಾತಾಡುತ್ತ ಓಡಾಡುವ ಒಬ್ಬ ಹುಡುಗ ಇದ್ದಾನೆ. ಇವರೆಲ್ಲ ಉಚಿತ ಕಾನೂನು ನೆರವಿಗೆ ಅರ್ಹರಾ? ಕಾಯ್ದೆಯಲ್ಲಿ "ಮನೆಯಿಲ್ಲದವರು" ಅಂತ ಎಲ್ಲೂ ಕಾಣಲಿಲ್ಲ.

ಕಾಲುದಾರಿ

ನಾನು ಅರೆಕಾನೂನು ಸ್ವಯಂಸೇವಕಿ. ನೀವು ಸರಿಯಾಗಿಯೇ ನೋಡಿದ್ದೀರಿ. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಮಿನ ಪಟ್ಟಿಯಲ್ಲಿ ಮನೆಯಿಲ್ಲದವರು ಅಂತ ಪ್ರತ್ಯೇಕವಾಗಿ ಇಲ್ಲ. ಆದರೆ ತಂಗುದಾಣದಲ್ಲಿ ಒಂದು ಸುತ್ತು ಹಾಕಿ ನೋಡಿ. ಹೆಂಗಸರು, ಮಕ್ಕಳು ಆದಾಯ ಎಷ್ಟೇ ಇದ್ದರೂ ಅರ್ಹರು. ಪರಿಶಿಷ್ಟ ಜಾತಿ, ಪಂಗಡದವರೂ ಹಾಗೆಯೇ. ಅಂಗವಿಕಲರು, ಬಂಧನದಲ್ಲಿರುವವರು, ಮಾನವ ಸಾಗಣೆಗೆ ಸಿಕ್ಕವರು, ನೆರೆ ಬರಗಳಲ್ಲಿ ಎಲ್ಲ ಕಳಕೊಂಡವರು, ಎಲ್ಲರೂ ಪಟ್ಟಿಯಲ್ಲಿದ್ದಾರೆ. ಇದ್ಯಾವುದಕ್ಕೂ ಸೇರದ ಗಂಡಸು ಆದಾಯ ಮಿತಿಯ ಒಳಗೆ ಬರುತ್ತಾನೆ. ಫುಟ್‌ಪಾತಿನಲ್ಲಿ ಮಲಗುವವರಲ್ಲಿ ಆ ಮಿತಿ ದಾಟಿದವರನ್ನು ನಾನಂತೂ ನೋಡಿಲ್ಲ.

ಆದಾಯ ಪ್ರಮಾಣಪತ್ರ ಬೇಕು ಅಂತ ಕೌಂಟರಿನಲ್ಲಿ ಹೇಳಿದರೆ 13ನೇ ಕಲಂ ನೆನಪಿಸಿ. ತನ್ನ ಆದಾಯ ಇಷ್ಟು ಅಂತ ವ್ಯಕ್ತಿಯೇ ಕೊಡುವ ಅಫಿಡವಿಟ್ ಸಾಕು, ನಂಬದಿರಲು ಕಾರಣ ಇದ್ದರೆ ಮಾತ್ರ ಮುಂದೆ ಕೇಳಬಹುದು. ನಾಡಕಚೇರಿಗೆ ಅಲೆಯಬೇಕಿಲ್ಲ. ಓದು ಬರಹ ಬಾರದಿದ್ದರೆ ಬಾಯಲ್ಲಿ ಹೇಳಿದರೂ ಆಯಿತು, ನಾವು ಬರೆದುಕೊಂಡು ಹೆಬ್ಬೆಟ್ಟು ಹಾಕಿಸುತ್ತೇವೆ. ಅರ್ಜಿ ತಿರಸ್ಕರಿಸಿದರೆ ಪ್ರಾಧಿಕಾರದ ಅಧ್ಯಕ್ಷರಿಗೆ ಮೇಲ್ಮನವಿ ಹಾಕಬಹುದು. ಜಿಲ್ಲೆಯಲ್ಲಿ ಅಧ್ಯಕ್ಷರು ಅಂದರೆ ಜಿಲ್ಲಾ ನ್ಯಾಯಾಧೀಶರೇ. ಸಹಾಯವಾಣಿ 15100.

ಇಷ್ಟೆಲ್ಲ ಇದ್ದರೂ ಜನ ಯಾಕೆ ಬರುವುದಿಲ್ಲ? ನಮ್ಮ ಕಚೇರಿ ಕೋರ್ಟಿನ ಆವರಣದಲ್ಲಿದೆ. ಗೇಟಿನಲ್ಲಿ ಪೊಲೀಸರು ನಿಂತಿರುತ್ತಾರೆ. ರಾತ್ರಿ ಲಾಠಿ ತೋರಿಸಿ ಎಬ್ಬಿಸಿದ ಅದೇ ಖಾಕಿ. ಜೊತೆಗೆ ಕಚೇರಿ ತೆರೆದಿರುವುದು ಹಗಲು ಹೊತ್ತು, ಅದು ಕೂಲಿಗೆ ಹೋಗುವ ಹೊತ್ತು. ಒಂದು ದಿನ ಕಳೆದರೆ ಒಂದು ದಿನದ ಊಟ ಹೋಯಿತು. ಆದ್ದರಿಂದ ವಕೀಲರು ತಂಗುದಾಣಕ್ಕೆ ಬರಬೇಕು, ಅದೂ ರಾತ್ರಿ ಎಂಟರ ಮೇಲೆ. ಇದನ್ನು ನಾನು ಪ್ರತಿ ಸಭೆಯಲ್ಲೂ ಹೇಳುತ್ತೇನೆ. ಶಿಬಿರ ಅಂತ ಮಾಡುತ್ತೇವೆ, ಬೆಳಿಗ್ಗೆ ಹನ್ನೊಂದಕ್ಕೆ! ಬ್ಯಾನರ್, ದೀಪ ಬೆಳಗುವುದು, ಭಾಷಣ. ಅಷ್ಟು ಹೊತ್ತಿಗೆ ತಂಗುದಾಣದಲ್ಲಿ ಕಾಯಿಲೆಯವರು ಬಿಟ್ಟರೆ ಯಾರಿರುತ್ತಾರೆ?

ಓದುಗ 42

ಒಂದು ಕಹಿ ಅನುಭವ. ನಮ್ಮ ದೂರದ ಸಂಬಂಧಿಗೆ ಹೀಗೇ ಉಚಿತ ವಕೀಲರು ಸಿಕ್ಕಿದ್ದರು. ಟೈಪಿಂಗ್, ಜೆರಾಕ್ಸ್ ಅಂತ ಪ್ರತಿ ಸಲ ದುಡ್ಡು ಕೇಳುತ್ತಿದ್ದರು. ಉಚಿತ ಅನ್ನುವುದು ಬರೀ ಹೆಸರಿಗೆ.

ಕಪ್ಪುಕೋಟು

ಕೇಳುವ ಹಾಗಿಲ್ಲ. ಕೋರ್ಟು ಶುಲ್ಕ, ಟೈಪಿಂಗ್, ದೃಢೀಕೃತ ನಕಲು ಎಲ್ಲದರ ಖರ್ಚೂ ಪ್ರಾಧಿಕಾರದ್ದು. ಕಾರ್ಯದರ್ಶಿಗೆ ಒಂದು ಹಾಳೆಯಲ್ಲಿ ದೂರು ಬರೆದುಕೊಡಿ, ವಕೀಲರನ್ನು ಬದಲಿಸಿ ಅಂತಲೂ ಕೇಳಿ. ಪ್ಯಾನೆಲ್ ವಕೀಲರಿಗೆ ಸಿಗುವ ಸಂಭಾವನೆ ಕಡಿಮೆ, ಅದೂ ತಡವಾಗಿ ಬರುತ್ತದೆ. ಅದು ನಿಜವಾದ ದೂರೇ. ಆದರೆ ಅದನ್ನು ಸರ್ಕಾರದ ಹತ್ತಿರ ಹೇಳಬೇಕು, ಕಕ್ಷಿದಾರನ ಜೇಬಿನಿಂದ ತುಂಬಿಸಿಕೊಳ್ಳುವುದಲ್ಲ.

ಸಂದೇಹಿ

ಸರಿ, ಜಾಮೀನಿನ ಮಾತು ಒಪ್ಪಿದೆ. ಆದರೆ ಫುಟ್‌ಪಾತ್ ನಡೆಯುವವರದ್ದಲ್ವಾ? ಎಬ್ಬಿಸಲು ಬಂದರೆ ಉಚಿತ ವಕೀಲರು ಬಂದು ತಡೆ ತರುತ್ತಾರೆ. ಸಿಗ್ನಲ್‌ನಲ್ಲಿ ಮಕ್ಕಳನ್ನು ಎತ್ತಿಕೊಂಡು ಭಿಕ್ಷೆ ಬೇಡುವವರಿಗೂ ವಕೀಲರಾ? ತೆರಿಗೆ ಕಟ್ಟುವವನ ಕಥೆ ಏನು?

ಕಪ್ಪುಕೋಟು

ನೀವು ಅಂದುಕೊಂಡಷ್ಟು ಸುಲಭವಾಗಿ ತಡೆ ಸಿಗುವುದಿಲ್ಲ. 1985ರ ಓಲ್ಗಾ ಟೆಲ್ಲಿಸ್ ತೀರ್ಪನ್ನು ಎಲ್ಲರೂ ಫುಟ್‌ಪಾತ್ ನಿವಾಸಿಗಳ ಗೆಲುವು ಅಂತ ಹೇಳುತ್ತಾರೆ. ಪೂರ್ತಿ ಓದಿದರೆ ಚಿತ್ರ ಬೇರೆ. ಬದುಕುವ ಹಕ್ಕಿನಲ್ಲಿ ಹೊಟ್ಟೆಪಾಡಿನ ಹಕ್ಕೂ ಸೇರಿದೆ ಅಂತ ಐವರು ನ್ಯಾಯಮೂರ್ತಿಗಳು ಒಪ್ಪಿದರು. ಅದೇ ಉಸಿರಿನಲ್ಲಿ ಫುಟ್‌ಪಾತನ್ನು ಆಕ್ರಮಿಸುವ ಹಕ್ಕು ಯಾರಿಗೂ ಇಲ್ಲ ಅಂದರು. ಮುಂಬೈ ಪಾಲಿಕೆ ತೆರವು ಮಾಡಬಹುದು, ಆದರೆ ಆ ವರ್ಷದ ಅಕ್ಟೋಬರ್ 31ರವರೆಗೆ, ಅಂದರೆ ಮಳೆಗಾಲ ಮುಗಿಯುವ ತನಕ ಕಾಯಬೇಕು ಅಂತ ಹೇಳಿದರು. ವಕೀಲರು ಇವತ್ತಿಗೂ ಆ ತೀರ್ಪಿನಿಂದ ಪಡೆಯುವುದು ಮುಖ್ಯವಾಗಿ ಒಂದೇ: ಎಬ್ಬಿಸುವ ಮೊದಲು ಅವರ ಮಾತು ಕೇಳಿ ಅನ್ನುವುದು.

ಅದು ಸಣ್ಣದಲ್ಲ. ಬೆಳಗಿನ ಜಾವ ಜೆಸಿಬಿ ಬಂದರೆ ಗಂಟುಮೂಟೆಯ ಜೊತೆ ಆಧಾರ್, ರೇಷನ್ ಕಾರ್ಡ್, ಆಸ್ಪತ್ರೆ ಚೀಟಿ ಎಲ್ಲ ಕಸದ ಲಾರಿಗೆ ಹೋಗುತ್ತದೆ. ಎರಡು ದಿನ ಮೊದಲು ತಿಳಿಸಿದ್ದರೆ ಅಷ್ಟಾದರೂ ಉಳಿಯುತ್ತಿತ್ತು. ಹಗಲು ಹೂವು, ಸೊಪ್ಪು ಮಾರುವವರಾದರೆ 2014ರ ಬೀದಿಬದಿ ವ್ಯಾಪಾರಿಗಳ ಕಾಯ್ದೆ ಇನ್ನೂ ಗಟ್ಟಿ. ಸಮೀಕ್ಷೆ ಮುಗಿದು ಪ್ರಮಾಣಪತ್ರ ಕೊಡುವ ತನಕ ಯಾರನ್ನೂ ಎಬ್ಬಿಸಬಾರದು ಅಂತ ಅದರ 3ನೇ ಕಲಮಿನಲ್ಲಿದೆ.

ಭಿಕ್ಷೆಯ ವಿಷಯ. ಕರ್ನಾಟಕದಲ್ಲಿ 1975ರ ಭಿಕ್ಷಾಟನೆ ನಿಷೇಧ ಕಾಯ್ದೆ ಇದೆ. ಹಿಡಿದು ನಿರಾಶ್ರಿತರ ಪರಿಹಾರ ಕೇಂದ್ರಕ್ಕೆ ಕಳಿಸುತ್ತಾರೆ. ಕೂಲಿ ಮುಗಿಸಿ ಮಲಗಿದ್ದವರನ್ನೂ ಕೊಳೆ ಬಟ್ಟೆ ನೋಡಿ ಭಿಕ್ಷುಕ ಅಂತ ವ್ಯಾನಿಗೆ ಹತ್ತಿಸಿದರೆ ಹೇಳುವವರು ಕೇಳುವವರು ಯಾರು? ವಕೀಲರು ಬೇಕಾಗುವುದು ಅಲ್ಲಿಯೇ. ದೆಹಲಿ ಹೈಕೋರ್ಟು ಆಗಸ್ಟ್ 2018ರಲ್ಲಿ ಅಲ್ಲಿ ಜಾರಿಯಲ್ಲಿದ್ದ ಮುಂಬೈ ಭಿಕ್ಷಾಟನೆ ಕಾಯ್ದೆಯ ಮುಖ್ಯ ಕಲಮುಗಳನ್ನು ರದ್ದು ಮಾಡಿತು. ಮರುವರ್ಷ ಜಮ್ಮು ಮತ್ತು ಕಾಶ್ಮೀರ ಹೈಕೋರ್ಟು ಕೂಡ ಅಲ್ಲಿನ ಕಾಯ್ದೆಯನ್ನು ಹೊಡೆದುಹಾಕಿತು. ನಮ್ಮದು ಹಾಗೇ ಇದೆ.

ಹಳೇಕಡತ

ತೆರಿಗೆಯ ಮಾತು ಬಂತಲ್ಲ, ನಿಮ್ಮ ಮನೆ ಕಂದಾಯದ ರಸೀದಿ ತೆಗೆದು ನೋಡಿ. ಭಿಕ್ಷುಕರ ಉಪಕರ ಅಂತ ಶೇ. 3 ಕಟ್ಟಿರುತ್ತೀರಿ. ಅಂದಮೇಲೆ ಆ ದುಡ್ಡು ಎಲ್ಲಿ ಹೋಗುತ್ತದೆ, ಒಳಗಿರುವವರಿಗೆ ಊಟ ಔಷಧ ಸಿಗುತ್ತಿದೆಯಾ ಅಂತ ಕೇಳುವ ಹಕ್ಕು ನಿಮಗೇ ಮೊದಲು. 2010ರ ಆಗಸ್ಟಿನಲ್ಲಿ ಬೆಂಗಳೂರಿನ ಪರಿಹಾರ ಕೇಂದ್ರದಲ್ಲಿ ಸಾಲು ಸಾವುಗಳಾದಾಗ ರಾಜ್ಯವೆಲ್ಲ ಮಾತಾಡಿತ್ತು. ಈಗಿನವರಿಗೆ ನೆನಪಿಲ್ಲ.

ಬೇವಿನಮರ

ಸರ್ಕಾರಿ ಆಸ್ಪತ್ರೆಯಲ್ಲಿ ಸಮಾಜ ಕಾರ್ಯಕರ್ತೆಯಾಗಿದ್ದೇನೆ. ರಾತ್ರಿಪಾಳಿಯವರು ಹೇಳಿದ ಆ ಹುಡುಗನ ಬಗ್ಗೆ ಬರೆಯುತ್ತೇನೆ.

2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಲ್ಲಿ "ಮನೆಯಿಲ್ಲದವರು" ಅಂತ ಸ್ಪಷ್ಟವಾಗಿ ಬರೆದಿದೆ. ಬಿಪಿಎಲ್ ಕಾರ್ಡ್ ಇರಲಿ ಇಲ್ಲದಿರಲಿ, ಅವರಿಗೆ ಸರ್ಕಾರಿ ಚಿಕಿತ್ಸೆ ಪೂರ್ತಿ ಉಚಿತ. ತನ್ನ ಆರೈಕೆ ಮಾಡಿಕೊಳ್ಳಲಾಗದೆ ಅಲೆದಾಡುವವರು ಕಂಡರೆ ಠಾಣಾಧಿಕಾರಿ ಅವರನ್ನು ರಕ್ಷಣೆಗೆ ತೆಗೆದುಕೊಳ್ಳಲೇಬೇಕು, ಅದು ಅವರ ಕರ್ತವ್ಯ. ಹಾಗೆ ತೆಗೆದುಕೊಂಡ ಮೇಲೆ 24 ಗಂಟೆಯೊಳಗೆ ಸರ್ಕಾರಿ ಆಸ್ಪತ್ರೆಗೆ ತಲುಪಿಸಬೇಕು, ಯಾವ ಕಾರಣಕ್ಕೂ ಲಾಕಪ್ಪಿಗೆ ಹಾಕುವ ಹಾಗಿಲ್ಲ. ಮನೆಯವರನ್ನು ಹುಡುಕುವ ಹೊಣೆಯೂ ಪೊಲೀಸರದ್ದೇ. ಇದೇ ಕಾಯ್ದೆಯಲ್ಲಿ ಉಚಿತ ಕಾನೂನು ನೆರವಿನ ಹಕ್ಕೂ ಇದೆ. ಠಾಣೆಗೆ ಹೋಗುವಾಗ 100ನೇ ಕಲಂ ಅಂತ ಚೀಟಿಯಲ್ಲಿ ಬರೆದುಕೊಂಡು ಹೋಗಿ. ಎಷ್ಟೋ ಕಡೆ ಆ ನಂಬರ್ ಹೇಳಿದ ಮೇಲೆಯೇ ಕುರ್ಚಿ ಕೊಡುತ್ತಾರೆ.

ಇನ್ನೊಂದು ವಿಷಯ ಯಾರೂ ಎತ್ತಲಿಲ್ಲ. ಫುಟ್‌ಪಾತಿನಲ್ಲಿ, ಡಿವೈಡರ್ ಮೇಲೆ ಮಲಗಿದ್ದವರ ಮೇಲೆ ಗಾಡಿ ಹರಿದು ನಮ್ಮಲ್ಲಿಗೆ ಬರುತ್ತಾರೆ. ಗುದ್ದಿದ ಗಾಡಿ ಸಿಕ್ಕದಿದ್ದರೆ ಕೇಸು ಅಲ್ಲಿಗೇ ಮುಗಿಯಿತು ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಹಾಗಲ್ಲ. 1 ಏಪ್ರಿಲ್ 2022ರಿಂದ ಜಾರಿಯಲ್ಲಿರುವ ಯೋಜನೆಯಲ್ಲಿ ಗಾಡಿ ಪತ್ತೆಯಾಗದ ಅಪಘಾತದಲ್ಲಿ ಸತ್ತರೆ 2 ಲಕ್ಷ, ತೀವ್ರ ಗಾಯವಾದರೆ 50,000 ರೂಪಾಯಿ ಪರಿಹಾರ ಇದೆ. ಇದನ್ನು ಕೇಳುವವರೇ ಇಲ್ಲ. ಸತ್ತವರ ವಾರಸುದಾರರು ಯಾವುದೋ ಊರಲ್ಲಿರುತ್ತಾರೆ, ಗಾಯಗೊಂಡವರು ಡಿಸ್ಚಾರ್ಜ್ ಆಗಿ ಮತ್ತೆ ಅದೇ ಡಿವೈಡರಿಗೆ ಹೋಗುತ್ತಾರೆ. ಆಸ್ಪತ್ರೆಯಲ್ಲಿ ಹಾಸಿಗೆ ಮೇಲೆ ಇರುವಾಗಲೇ ಪ್ರಾಧಿಕಾರಕ್ಕೆ ಒಂದು ಫೋನ್ ಮಾಡಿಸಿ. ಆಮೇಲೆ ಅವರನ್ನು ಹುಡುಕುವುದು ಕಷ್ಟ.

ಕಾಲುದಾರಿ

ಬೇವಿನಮರ ಮೇಡಂ, ಇದು ನಮ್ಮ ಗುಂಪಿಗೂ ಬೇಕಾದ ಮಾಹಿತಿ, ಹಂಚುತ್ತೇನೆ.

ಅಜ್ಜಿಯ ವಿಷಯ ಬಾಕಿ ಇತ್ತು. ಅವರನ್ನು ಸಿವಿಲ್ ಕೋರ್ಟಿಗೆ ಕರೆದೊಯ್ಯಬೇಡಿ, ವರ್ಷಗಟ್ಟಲೆ ಆಗುತ್ತದೆ. 2007ರ ಹಿರಿಯ ನಾಗರಿಕರ ಕಾಯ್ದೆಯಡಿ ಎಸಿ (ಉಪವಿಭಾಗಾಧಿಕಾರಿ) ಕಚೇರಿಯಲ್ಲಿ ಅರ್ಜಿ ಹಾಕಿ. ವಕೀಲರಿಲ್ಲದೆ ನಡೆಯಲಿ ಅಂತಲೇ ಮಾಡಿದ ನ್ಯಾಯಮಂಡಳಿ ಅದು. ಅಜ್ಜಿಗೆ ಓಡಾಡಲು ಆಗದಿದ್ದರೆ ಅವರು ಒಪ್ಪಿದ ಸಂಸ್ಥೆಯೇ ಅವರ ಪರವಾಗಿ ಅರ್ಜಿ ಹಾಕಬಹುದು. ತಿಂಗಳಿಗೆ 10,000 ರೂಪಾಯಿವರೆಗೆ ಜೀವನಾಂಶ ಕೊಡಿಸಬಹುದು. ಮನೆ ಬರೆದುಕೊಟ್ಟ ಪತ್ರದ ನಕಲನ್ನು ಸಬ್ ರಿಜಿಸ್ಟ್ರಾರ್ ಕಚೇರಿಯಿಂದ ತೆಗೆಸಿ. "ನನ್ನನ್ನು ನೋಡಿಕೊಳ್ಳಬೇಕು" ಎಂಬ ಷರತ್ತಿನ ಮೇಲೆ ಕೊಟ್ಟಿದ್ದರೆ, ಮಗ ನೋಡಿಕೊಳ್ಳದಿದ್ದಾಗ 23ನೇ ಕಲಮಿನಡಿ ಅದನ್ನು ರದ್ದು ಮಾಡಿಸಬಹುದು. ಷರತ್ತೇ ಇಲ್ಲದಿದ್ದರೆ ಜಗಳ ಜಾಸ್ತಿ ಎಳೆಯುತ್ತದೆ, ಅದನ್ನು ಅಜ್ಜಿಗೆ ಮೊದಲೇ ಹೇಳಿಬಿಡಿ. ಮತ್ತೊಂದು, ಬಹಳ ಅಜ್ಜಿಯರು ಕೊನೇ ಗಳಿಗೆಯಲ್ಲಿ "ಮಗನ ಮೇಲೆ ಕೇಸು ಬೇಡಪ್ಪ" ಅನ್ನುತ್ತಾರೆ. ಒತ್ತಾಯ ಮಾಡಬೇಡಿ. ಅವರು ಬೇಡ ಅಂದರೆ ಬೇಡ.

ದಾಖಲೆಗಳ ಬಗ್ಗೆ ಎರಡು ಮಾತು. ಆಧಾರಿಗೆ ಮಾನ್ಯತೆ ಪಡೆದ ಆಶ್ರಯ ಕೇಂದ್ರದ ಮುಖ್ಯಸ್ಥರು ನಿಗದಿತ ನಮೂನೆಯಲ್ಲಿ ಫೋಟೋ ಅಂಟಿಸಿ ಕೊಡುವ ಪತ್ರ ನಡೆಯುತ್ತದೆ. ಹಿಂದೆ ಮಾಡಿಸಿ ಕಳೆದುಕೊಂಡವರಿಗೆ ಮತ್ತೆ ಹೊಸದು ಮಾಡಿಸಲು ಹೋಗಬೇಡಿ, ತಿರಸ್ಕಾರವಾಗುತ್ತದೆ. ಬೆರಳಚ್ಚು ಕೊಟ್ಟು ಹಳೆಯದನ್ನೇ ಹುಡುಕಿಸಿ. ಮತದಾರರ ಪಟ್ಟಿಗೆ ಇನ್ನೂ ಸುಲಭ. ನಮೂನೆ 6ರಲ್ಲಿ ಮಲಗುವ ಜಾಗ ಬರೆದರೆ ಬಿಎಲ್‌ಒ (ಮತಗಟ್ಟೆ ಮಟ್ಟದ ಅಧಿಕಾರಿ) ರಾತ್ರಿ ಹೊತ್ತು, ಒಂದಕ್ಕಿಂತ ಹೆಚ್ಚು ಸಲ ಬಂದು ನೋಡಬೇಕು. ಅಲ್ಲೇ ಮಲಗುತ್ತಾರೆ ಅಂತ ಖಚಿತವಾದರೆ ವಾಸದ ದಾಖಲೆ ಬೇಡ. ಚುನಾವಣಾ ಆಯೋಗಕ್ಕೆ ರಾತ್ರಿ ಬರಬೇಕು ಅಂತ ಹೊಳೆದಿದೆ, ನಮ್ಮ ಶಿಬಿರದವರಿಗೆ ಹೊಳೆದಿಲ್ಲ ನೋಡಿ!

ರಾತ್ರಿಪಾಳಿ

ಎಲ್ಲರಿಗೂ ತಿಳಿಸಬೇಕು ಅಂತ ಬಂದೆ. ವಕೀಲರಿಗೆ 2023ರ ಆ ನಿರ್ದೇಶನದ ಬಗ್ಗೆ ಹೇಳಿದೆ. ಮೊದಲು ಸ್ವಲ್ಪ ಮುಖ ಗಂಟಿಕ್ಕಿದರು, ಆಮೇಲೆ ಅರ್ಜಿ ಹಾಕಿದರು. ನ್ಯಾಯಾಧೀಶರು ಶ್ಯೂರಿಟಿ ಷರತ್ತು ತೆಗೆದು ಸ್ವಂತ ಮುಚ್ಚಳಿಕೆ ಮೇಲೆ ಬಿಟ್ಟರು. ಪ್ರತಿ ವಾರ ಠಾಣೆಗೆ ಹೋಗಿ ಸಹಿ ಹಾಕಬೇಕು. ವಿಳಾಸದ ಜಾಗದಲ್ಲಿ ನಮ್ಮ ತಂಗುದಾಣದ್ದು ಬರೆದಿದ್ದೇವೆ. ಸಂಸ್ಥೆಯವರು ಇದಕ್ಕೆ ಹೆದರಿದ್ದರು, ನಾಳೆ ಅವರು ಬರದಿದ್ದರೆ ನಮ್ಮನ್ನು ಹಿಡಿಯುತ್ತಾರಾ ಅಂತ.

ಸಂದೇಹಿ

ಒಳ್ಳೆಯದಾಯಿತು. ಆದರೆ ನನ್ನ ಮೊದಲ ಪ್ರಶ್ನೆ ಹಾಗೇ ಉಳಿಯಿತು. ವಾಯಿದೆಗೆ ಬರದಿದ್ದರೆ?

ಹಳೇಕಡತ

ವಾರಂಟ್ ಬರುತ್ತದೆ, ಮತ್ತೆ ಜೈಲು. ಎರಡನೇ ಸಲ ಜಾಮೀನು ಕಷ್ಟ. ಆದ್ದರಿಂದ ರಾತ್ರಿಪಾಳಿಯವರೇ, ಸಂಸ್ಥೆಯವರಿಗೆ ಹೇಳಿ: ವಿಳಾಸ ಕೊಟ್ಟ ಮಾತ್ರಕ್ಕೆ ಯಾರೂ ಶ್ಯೂರಿಟಿ ಆಗುವುದಿಲ್ಲ. ಸಮನ್ಸ್ ಬಂದರೆ ತಗೊಂಡು ಆಸಾಮಿಗೆ ತಲುಪಿಸಿದರೆ ಸಾಕು. ಅವರು ಬಿಟ್ಟುಹೋಗಿದ್ದರೆ ಹಾಗೆಂದು ಬರೆದುಕೊಟ್ಟರೆ ಆಯಿತು.

ಮುಂದಿನ ತಾರೀಖು, ಕೇಸ್ ನಂಬರ್, ಕೋರ್ಟ್ ಹಾಲ್ ನಂಬರ್, ವಕೀಲರ ಫೋನ್, ಇಷ್ಟನ್ನೂ ದಪ್ಪ ಅಕ್ಷರದಲ್ಲಿ ಬರೆದು ಲ್ಯಾಮಿನೇಟ್ ಮಾಡಿಸಿ ಅವರಿಗೆ ಕೊಡಿ. ಒಂದು ಪ್ರತಿ ನಿಮ್ಮ ರಿಜಿಸ್ಟರಿನಲ್ಲಿರಲಿ. ಕೇಸ್ ನಂಬರ್ ಇದ್ದರೆ ಇ-ಕೋರ್ಟ್ಸ್ ಆ್ಯಪ್‌ನಲ್ಲಿ ತಾರೀಖು ನೀವೇ ನೋಡಬಹುದು. ಹಿಂದಿನ ರಾತ್ರಿ ಅವರನ್ನು ತಂಗುದಾಣದಲ್ಲೇ ಮಲಗಲು ಹೇಳಿ. ಬೆಳಿಗ್ಗೆ ಹನ್ನೊಂದರೊಳಗೆ ಹಾಲ್ ಮುಂದೆ ಇರಬೇಕು, ಹೆಸರು ಕೂಗುವಾಗ ಚಹಾಕ್ಕೆ ಹೋಗಿದ್ದರು ಅಂತಾಗಬಾರದು. ಜ್ವರವೋ ಏನೋ ಆಗಿ ಹೋಗಲು ಆಗಲೇ ಇಲ್ಲ ಅಂದರೆ ಅವತ್ತೇ ಬೆಳಿಗ್ಗೆ ವಕೀಲರಿಗೆ ಫೋನ್ ಮಾಡಿ. ಅವರು ಹಾಜರಿ ವಿನಾಯಿತಿ ಅರ್ಜಿ ಹಾಕುತ್ತಾರೆ.

ರಾತ್ರಿಪಾಳಿ

ಸರಿ ಸರ್. ಲ್ಯಾಮಿನೇಷನ್ ಇವತ್ತೇ ಮಾಡಿಸುತ್ತೇನೆ. ಕಾಲುದಾರಿ ಮೇಡಂ, ರಾತ್ರಿ ಎಂಟರ ಮೇಲೆ ವಕೀಲರು ಬರಬೇಕು ಅಂತ ನಿಮ್ಮ ಕಾರ್ಯದರ್ಶಿಗೆ ನಮ್ಮ ಸಂಸ್ಥೆಯಿಂದಲೂ ಒಂದು ಪತ್ರ ಕೊಡುತ್ತೇವೆ. ಯಾರ ಹೆಸರಿಗೆ ಬರೆಯಬೇಕು?

ಕಾಲುದಾರಿ

"ಕಾರ್ಯದರ್ಶಿಗಳು, ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರ" ಅಂತ ಬರೆಯಿರಿ, ಪ್ರತಿಯನ್ನು ಅಧ್ಯಕ್ಷರಿಗೂ ಹಾಕಿ. ಎಷ್ಟು ಜನರಿಗೆ ಯಾವ ತೊಂದರೆ ಇದೆ ಅಂತ ಜೊತೆಗೆ ಪಟ್ಟಿ ಕೊಡಿ, ಹೆಸರು ಬೇಡ. ಸ್ವೀಕೃತಿ ಸೀಲ್ ಹಾಕಿಸಿಕೊಳ್ಳುವುದನ್ನು ಮರೆಯಬೇಡಿ.